ಕರೆಂಟ್ ಬಂದರೂ ಹತ್ತದ ದೀಪ

ಇವತ್ತು ನನ್ನದೇ ಒಂದು ಹಳೇ ತಪ್ಪಿನ ಬಗ್ಗೆ ಬರೀತೀನಿ.

ನಮ್ಮೂರು ಕುಷ್ಟಗಿ. ಅಪ್ಪ ಬೀದಿದೀಪ ರಿಪೇರಿ ಮಾಡುತ್ತಿದ್ದ. ಆಗೆಲ್ಲ ಹಳದಿ ಸೋಡಿಯಂ ದೀಪಗಳು. ಕರೆಂಟ್ ಹೋಗಿ ತಕ್ಷಣ ಬಂದರೆ ಮನೆಯ ಬಲ್ಬು ಹತ್ತುತ್ತಿತ್ತು, ಬೀದಿದೀಪ ಮಾತ್ರ ಸುಮ್ಮನಿರುತ್ತಿತ್ತು. ಜನ ಸೀದಾ ನಮ್ಮ ಬಾಗಿಲಿಗೇ ಬಂದು ಬೈಯುತ್ತಿದ್ದರು.

2015ರಲ್ಲಿ ಇಂಜಿನಿಯರಿಂಗ್ ಸೇರಿ ಮೊದಲ ರಜೆಗೆ ಬಂದಿದ್ದೆ. "ತಮ್ಮಾ, ಈ ದೀಪ ಯಾಕ ಲಗೂನ ಹತ್ತಂಗಿಲ್ಲ?" ಅಂತ ಅಪ್ಪ ಕೇಳಿದ. ಗೊತ್ತಿಲ್ಲ ಅನ್ನೋಕೆ ನಾಚಿಕೆ. "ಚೋಕ್ ಹೋಗಿರಬೇಕು" ಅಂದುಬಿಟ್ಟೆ. ಅಪ್ಪ ಗಂಗಾವತಿಯಿಂದ ಸ್ವಂತ ದುಡ್ಡಲ್ಲಿ ಚೋಕ್ ತಂದು, ಜಿಟಿಜಿಟಿ ಮಳೆಯಲ್ಲೇ ಕಂಬ ಹತ್ತಿದ. ಮುಂದಿನ ಸಲ ಕರೆಂಟ್ ಹೋದಾಗ ಮತ್ತದೇ ಕಥೆ.

ಮೊನ್ನೆ ರ‍್ಯಾಂಡಮ್ ನಂಬರುಗಳ ಬಗ್ಗೆ ಓದುತ್ತಾ ಓದುತ್ತಾ, ಲೋಹದ ಪರಮಾಣುಗಳಿಗೆ ಎಲೆಕ್ಟ್ರಾನು ಡಿಕ್ಕಿ ಹೊಡೆಯುವ ಲೆಕ್ಕಕ್ಕೆ ಬಂದು ಮುಟ್ಟಿದೆ. ಅದರ ಅಳತೆಗೆ ಕ್ರಾಸ್ ಸೆಕ್ಷನ್ ಅಂತಾರೆ. ಹುಣಸೆ ಗೊಂಚಲಿರುವ ಒಂದು ಚೌಕಕ್ಕೆ ಕಣ್ಣುಮುಚ್ಚಿ ನೂರು ಕಲ್ಲು ಎಸೆಯಿರಿ. ಐದು ತಾಗಿದರೆ, ಗೊಂಚಲಿನ ಅಗಲ ಆ ಚೌಕದ ನೂರರಲ್ಲಿ ಐದು ಪಾಲು. ಆದರೆ ಪರಮಾಣುವಿನ ಈ 'ಅಗಲ' ಕಲ್ಲಿನ ವೇಗದ ಜೊತೆ ಬದಲಾಗುತ್ತದೆ! ಸೋಡಿಯಂನಿಂದ 589 ನ್ಯಾನೋಮೀಟರಿನ ಹಳದಿ ಬೆಳಕು ಬರಬೇಕಾದರೆ ಎಲೆಕ್ಟ್ರಾನಿಗೆ ಸುಮಾರು 2.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಅದಕ್ಕಿಂತ ಕಡಿಮೆಯಿದ್ದರೆ ಎಷ್ಟು ಎಸೆದರೂ ಬೆಳಕಿನ ಮಟ್ಟಿಗೆ ಆ ಅಗಲ ಸೊನ್ನೆ.

ಅಳೆಯುವವರು ನಿರ್ವಾತದಲ್ಲಿ ಸೋಡಿಯಂ ಕಾಯಿಸಿ, ಆವಿಯ ಸಣ್ಣ ಧಾರೆಗೆ ಅಡ್ಡಲಾಗಿ ಎಲೆಕ್ಟ್ರಾನು ಹಾಯಿಸುತ್ತಾರೆ. ಧಾರೆಯಲ್ಲಿ ಎಷ್ಟು ಪರಮಾಣು ಇವೆ ಅಂತ ಗೊತ್ತುಮಾಡಿಕೊಳ್ಳುವುದೇ ಕಷ್ಟ. ಆದ್ದರಿಂದ ಕಂಪ್ಯೂಟರಿನಲ್ಲಿ ಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡುತ್ತಾರೆ. ಆಸ್ಟ್ರೇಲಿಯಾದ ಇಗೊರ್ ಬ್ರೇ 1994ರಲ್ಲಿ ಸೋಡಿಯಂಗೆ ಇಂಥ ಲೆಕ್ಕ ಪ್ರಕಟಿಸಿದರು. ಹನ್ನೊಂದು ಎಲೆಕ್ಟ್ರಾನುಗಳಲ್ಲಿ ಹೊರಗಿನ ಒಂದನ್ನು ಮಾತ್ರ ಆಟಕ್ಕೆ ಬಿಟ್ಟು, ಉಳಿದ ಹತ್ತನ್ನು ಅಲುಗದಂತೆ ಇಟ್ಟ ಲೆಕ್ಕ ಅದು.

ಓದುತ್ತಿದ್ದಂತೆ ಅಪ್ಪನ ಕಂಬ ನೆನಪಾಯ್ತು. ಉರಿಯುತ್ತಿದ್ದ ದೀಪದೊಳಗೆ ಸೋಡಿಯಂ, ಪಾದರಸದ ಆವಿ ಕಿಕ್ಕಿರಿದಿರುತ್ತದೆ. ಕರೆಂಟ್ ಮರಳಿದಾಗ ಎಲೆಕ್ಟ್ರಾನು ವೇಗ ಕೂಡಿಸಿಕೊಳ್ಳುವ ಮೊದಲೇ ಯಾವುದಕ್ಕೋ ಡಿಕ್ಕಿ ಹೊಡೆದು ದಾರಿ ತಪ್ಪುತ್ತದೆ. ಇಗ್ನೈಟರ್ ಕೊಡುವ ಏಟು ಸಾಲುವುದಿಲ್ಲ. ದೀಪ ತಣ್ಣಗಾಗಿ ಆವಿ ಕಡಿಮೆಯಾಗಬೇಕು, ಆಮೇಲೇ ಬೆಳಕು. ಚೋಕ್ ಸರಿಯಾಗೇ ಇತ್ತು. ಅಪ್ಪನದೂ ತಪ್ಪಿರಲಿಲ್ಲ.

ರಾತ್ರಿಯೇ ಫೋನ್ ಮಾಡಿ ಎಲ್ಲ ಹೇಳಿದೆ. ಈಗ ನಮ್ಮ ಓಣಿಯಲ್ಲಿ ಎಲ್ಇಡಿ, ಅಪ್ಪನಿಗೆ ಕಂಬ ಹತ್ತೋ ವಯಸ್ಸೂ ಅಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: "ಅಂದ್ರ ದೀಪಕ್ಕ ದಣಿವು ಆರಿಸ್ಕೊಳ್ಳಾಕ ಟೈಮ್ ಬೇಕಿತ್ತು ಅನ್ನು. ಮತ್ತ ಅವತ್ತ ಚೋಕ್ ಅಂದ್ಯಲ್ಲೋ?"

"ಗೊತ್ತಿರಲಿಲ್ಲಪಾ" ಅಂದೆ. ಹತ್ತು ವರ್ಷ ತಡವಾಗಿ.