ಇಳಿದ ಕಾವೇರಿ, ಏರಿದ ಕಲ್ಲು

ಬಂಗಾರಪೇಟೆಯ ಪಾನಿಪೂರಿಯ ನೀರಿಗೆ ಬಣ್ಣವಿಲ್ಲ. ಬಾಯಿಗೆ ಬಿದ್ದ ಮೇಲೆಯೇ ಖಾರದ ಸುಳಿವು. ಥರ್ಮಾಮೀಟರು ಅದ್ದಿ ನೋಡಿದರೂ ಆ ಉರಿ ಸಿಗದು, ಅದನ್ನು ಬಲ್ಲದ್ದು ನಾಲಿಗೆಯೊಂದೇ. ಅದಿರಲಿ, ನನ್ನ ಕಣ್ಣು ನೆಟ್ಟಿರುವುದು ಅಂಗಡಿಯವರ ಹೆಬ್ಬೆರಳಿನ ಮೇಲೆ. ನಾಲ್ಕು ಬೆರಳ ಹಿಡಿತದಲ್ಲಿ ನೆಮ್ಮದಿಯಾಗಿದ್ದ ಪೂರಿ ಹೆಬ್ಬೆರಳ ತುದಿ ತಾಗಿದೊಡನೆ ಬಾಯಿ ಬಿಡುತ್ತದೆ. ಹರಡಿಕೊಂಡಿದ್ದ ಬಲ ಒಂದು ಚುಕ್ಕೆಯಲ್ಲಿ ಕೂಡಿತು, ಒತ್ತಡವಾಯಿತು.

ಈ ಊರಿಂದ ಮಾರಿಕುಪ್ಪಂ ರೈಲು ಹತ್ತಿದರೆ ಒತ್ತಡದ ದೊಡ್ಡಪ್ಪನೇ ಸಿಗುತ್ತಾನೆ. ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಲ್ಲಿ ಮೇಲಿನ ಬಂಡೆಯ ಭಾರ ಒಂದೊಂದು ಚದರ ಸೆಂಟಿಮೀಟರಿಗೆ ಸುಮಾರು 900 ಕಿಲೋ, ಉಗುರಗಲದ ಜಾಗಕ್ಕೆ ಒಂದು ಎಮ್ಮೆಗಿಂತ ಹೆಚ್ಚು. ಹೊತ್ತುಕೊಂಡೇ ಇದ್ದ ಕಲ್ಲಿನ ನಡುವೆ ಮನುಷ್ಯ ಪೊಳ್ಳು ಕೊರೆದಾಗ, ಆ ಹೊರೆ ಅಕ್ಕಪಕ್ಕದ ಗೋಡೆಗೆ ಸರಿಯುತ್ತದೆ. ಗೋಡೆ ಬಿಲ್ಲಿನ ಹಾಗೆ ಸೆಟೆದು ಶಕ್ತಿಯನ್ನು ಕೂಡಿಡುತ್ತದೆ, ತಾಳದಾದಾಗ ಸಿಡಿಯುತ್ತದೆ. ರಾಕ್ ಬರ್ಸ್ಟ್ ಎಂದರೆ ಇದು. ಎಷ್ಟೋ ಜೀವ ನುಂಗಿದ ಈ ಸಿಡಿತಕ್ಕೆ ಮೇಲಿನ ಊರೂ ನಡುಗುತ್ತಿತ್ತು.

ಸಿಡಿತ ಆಗೊಮ್ಮೆ ಈಗೊಮ್ಮೆ. ಬಿಸಿ ಮಾತ್ರ ದಿನವೂ. ತಳದ ಬಂಡೆ 65 ಡಿಗ್ರಿ ಸೆಲ್ಸಿಯಸ್ ಆಸುಪಾಸಿನದು. ನನ್ನನ್ನು ಬೆರಗಾಗಿಸುವುದು ಬಂಡೆಗಿಂತ ಇಳಿಗಾಳಿ. ಉಸಿರಿಗೆಂದು ಮೇಲಿನಿಂದ ಬಿಟ್ಟ ಗಾಳಿ ಇಳಿಯುತ್ತ ತನ್ನ ಮೇಲಿನ ಗಾಳಿಯ ಭಾರಕ್ಕೆ ಕುಗ್ಗಿ, ಯಾರೂ ಕಾಯಿಸದೆ ತಾನೇ ಕಾಯುತ್ತದೆ: ಒಣಗಾಳಿಯಾದರೆ ಕಿಲೋಮೀಟರಿಗೆ ಹತ್ತು ಡಿಗ್ರಿಯ ಹತ್ತಿರ.

ಇನ್ನು ಕಲ್ಲು ಮೇಲೇರಿದ್ದು. ಚಿನ್ನ ತೆಗೆದುಳಿದ ಅದಿರಿನ ಪುಡಿ ಗುಡ್ಡೆಯಾದ ಸೈನೈಡ್ ದಿಬ್ಬಗಳನ್ನು ಕಂಡವರಿಗೆ ಅದರ ಅಂದಾಜಿದೆ. ಒಂದೊಂದು ಹಿಡಿ ಪುಡಿಯೂ ಪಾತಾಳದಿಂದ ಎತ್ತಿ ತಂದದ್ದು. ಒಂದು ಟನ್ ಅದಿರನ್ನು ಮೂರು ಕಿಲೋಮೀಟರ್ ಎತ್ತಲು, ಸೋರಿಕೆ ಬಿಟ್ಟರೆ, ಎಂಟು ಯೂನಿಟ್ ವಿದ್ಯುತ್ತು ಸಾಕು. ಆ ವಿದ್ಯುತ್ತು 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ತಂತಿಯ ಮೇಲೆ ಬಂತು. ಅಲ್ಲಿ ವಿದ್ಯುತ್ ಯಂತ್ರಕ್ಕೆ ಕಾವೇರಿ ಇಳಿಯುವುದು ಸುಮಾರು 120 ಮೀಟರ್. ಹಾಗಾಗಿ ಇಲ್ಲಿ ಒಂದು ಟನ್ ಕಲ್ಲು ಏರಬೇಕಾದರೆ ಅಲ್ಲಿ ಇಪ್ಪತ್ತೈದು ಟನ್ ನೀರು ಇಳಿಯಬೇಕು. ಯಂತ್ರದ ನಷ್ಟ ಸೇರಿಸಿದರೆ ಇನ್ನೂ ಹೆಚ್ಚು. ನದಿಯೊಂದು ತನಗೆ ಗೊತ್ತೇ ಇಲ್ಲದ ಊರಿನಲ್ಲಿ ಕಲ್ಲು ಹೊರುತ್ತಿತ್ತು ಎಂಬುದನ್ನು ಎಷ್ಟು ಸಲ ನೆನೆದರೂ ನನಗೆ ಸಾಕಾಗುವುದಿಲ್ಲ.

ಶಾಲೆಯ ಪುಸ್ತಕದ ಒಂದು ಮಾತನ್ನು ಮಾತ್ರ ಈ ಊರಲ್ಲಿ ನಿಂತು ಸುಲಭವಾಗಿ ಒಪ್ಪಲಾರೆ. ಬಲ ಹಾಕಿಯೂ ವಸ್ತು ಕದಲದಿದ್ದರೆ ಮಾಡಿದ ಕೆಲಸ ಸೊನ್ನೆಯಂತೆ. ಭಾರದ ಡ್ರಿಲ್ಲನ್ನು ಕದಲದಂತೆ ಎದೆಗಾನಿಸಿ ಹಿಡಿದವನ ಕೆಲಸವೂ ಸೊನ್ನೆಯೇ? ಡ್ರಿಲ್ಲಿನ ಲೆಕ್ಕಕ್ಕೆ ಹೌದು. ಆದರೆ ಅವನ ತೋಳಿನೊಳಗೆ ಸ್ನಾಯುವಿನ ಎಳೆಗಳು ಮತ್ತೆ ಮತ್ತೆ ಸೆಳೆದುಕೊಂಡು, ಉಂಡ ಅನ್ನವನ್ನೆಲ್ಲ ಶಾಖ ಮಾಡುತ್ತಿರುತ್ತವೆ. ಆ ಶಾಖ ಹೊರಹೋಗಲು ಬೆವರು ಆರಬೇಕು. ತೇವ ತುಂಬಿದ ಬಿಸಿಗಾಳಿಯಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಅದಕ್ಕೇ ಗಾಳಿಯನ್ನು ತಣಿಸಿ ಕೆಳಗೆ ಕಳಿಸುವ ಯಂತ್ರಗಳನ್ನು ಕೂರಿಸಿದರು. ಬಂಡೆಯ ಬಿಸಿಯ ಜೊತೆಗೆ ಆ ತೋಳುಗಳ ಬಿಸಿಯನ್ನೂ ಹೊತ್ತು ಗಾಳಿ 2001ರಲ್ಲಿ ಗಣಿ ಮುಚ್ಚುವವರೆಗೂ ಮೇಲೆ ಬರುತ್ತಿತ್ತು.