ಹಳೆಯ ಹಾಯಿದೋಣಿಯ ಖರೀದಿ

ತಾಳಿಕೋಟೆಯ ಹೊಳೆಗೆ ಡೋಣಿಯೆಂದು ಹೆಸರು. ಆ ಹೆಸರನ್ನು ಕೇಳಿದ ಪರಸ್ಥಳದವರು ಇಲ್ಲಿ ನಾವೆಗಳ ಸಂಚಾರವುಂಟೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಮಳೆಗಾಲದಲ್ಲಿ ಎರೆಯ ಹೊಲಗಳನ್ನು ಮುಳುಗಿಸಿ, ಬೇಸಗೆಯಲ್ಲಿ ಸಣ್ಣಗಾಗಿಬಿಡುವ ಈ ಹೊಳೆಯಲ್ಲಿ ದೋಣಿಗೆ ಕೆಲಸ ಕಡಿಮೆ. ನಮ್ಮ ಪ್ರಾಂತದವರು ಜಲಯಾನವನ್ನು ಕಲಿತದ್ದು ದಕ್ಷಿಣದ ಕೃಷ್ಣೆಯಲ್ಲಿ. ೧೫೬೫ರ ಜನವರಿಯ ಮಹಾಯುದ್ಧಕ್ಕೆ ನಮ್ಮೂರಿನ ಹೆಸರು ಅಂಟಿದ್ದರೂ, ಇಲ್ಲಿ ಬೀಡುಬಿಟ್ಟಿದ್ದ ಸುಲ್ತಾನರ ಸೈನ್ಯಗಳು ಕೃಷ್ಣೆಯನ್ನು ದಾಟಿದ ಮೇಲೆಯೇ ಅದು ನಡೆಯಿತು.

ಬಹುಕಾಲ ನಮ್ಮ ನದಿಗಳನ್ನು ದಾಟಿಸಿದ್ದು ಹರಗೋಲು. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ತುಂಗಭದ್ರೆಯಲ್ಲಿ ಇದನ್ನು ಕಂಡು, ಬುಟ್ಟಿಯಂತೆ ದುಂಡಗಿರುವ ಈ ತೊಗಲಿನ ದೋಣಿ ಹದಿನೈದಿಪ್ಪತ್ತು ಜನರನ್ನು ಹೊತ್ತು, ನೇರವಾಗಿ ಸಾಗಲಾರದೆ ಸುತ್ತುತ್ತಲೇ ಹೋಗುವುದೆಂದು ಬರೆದಿಟ್ಟಿದ್ದಾನೆ. ೧೯೮೨ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು, ಬಸವಸಾಗರದ ಹಿನ್ನೀರು ಕೂಡಲಸಂಗಮದವರೆಗೆ ಹಬ್ಬಿದ ಮೇಲೆ ಕೃಷ್ಣೆಯ ಸ್ವರೂಪವೇ ಬೇರೆಯಾಯಿತು. ಹರಿವು ತಗ್ಗಿತು, ಅಗಲ ಹೆಚ್ಚಿತು, ಗಾಳಿಗೆ ಬಯಲು ದೊರೆಯಿತು.

ಆ ಹಿನ್ನೀರಿನ ಆಚೆ ದಡದಲ್ಲಿ ಹೊಲವಿರುವ ನಮ್ಮ ಮಿತ್ರರೊಬ್ಬರು, ಆಳುಗಳನ್ನು ದಾಟಿಸಲು ಹಳೆಯದೊಂದು ಮರದ ಹಾಯಿದೋಣಿಯನ್ನು ಕೊಳ್ಳಲು ನಿಶ್ಚಯಿಸಿದರು. ಕರಾವಳಿಯಿಂದ ಬಂದಿದ್ದ ಆ ದೋಣಿ ಎರಡು ಗಾಲಿಯ ಟ್ರೇಲರಿನ ಮೇಲೆ, ಹೊಸ ನೀಲಿ ಬಣ್ಣದಿಂದ ಮಿರುಗುತ್ತ ನದೀತೀರದಲ್ಲಿ ನಿಂತಿತ್ತು. ದೋಣಿಗೆಲಸ ಬಲ್ಲ ಬಡಗಿಯೊಬ್ಬನನ್ನು ಮಿತ್ರರು ಕರೆದೊಯ್ದರು. ಅಮರಕೋಶದ ವಾರಿವರ್ಗವನ್ನು ವರ್ಷಗಟ್ಟಲೆ ಪಾಠ ಹೇಳಿದವರೆಂದು ನಮ್ಮನ್ನೂ ಬಿಡಲಿಲ್ಲ. ಕೂಪಕವೆಂದರೆ ಹಾಯಿಯ ಕಂಬ, ಕ್ಷೇಪಣಿಯೆಂದರೆ ಹುಟ್ಟು, ಸೇಕಪಾತ್ರವೆಂದರೆ ದೋಣಿಯ ನೀರನ್ನು ಮೊಗೆದು ಚೆಲ್ಲುವ ಪಾತ್ರೆ ಎಂಬುದು ನಮಗೆ ಕಂಠಸ್ಥವಾಗಿತ್ತು. ಅವುಗಳ ಯೋಗ್ಯತೆಯನ್ನು ಅಳೆಯುವ ವಿದ್ಯೆ ಬಡಗಿಯದು.

ಅವನು ಬಣ್ಣವನ್ನು ನೋಡಲೇ ಇಲ್ಲ. ದಬ್ಬಳವೊಂದನ್ನು ಹಿಡಿದು ದೋಣಿಯ ಅಡಿಗೆ ಮಲಗಿದನು. ನಡುಮರದ ಪಕ್ಕದ ಹಲಗೆಗಳನ್ನು ಹಿಡಿಕೆಯಿಂದ ಬಡಿಯುತ್ತ ಹೋದನು. ಗಟ್ಟಿ ಮರ ಟಣ್ಣೆಂದಿತು. ಎರಡು ಕಡೆ ಮಂಕಾದ ಸದ್ದು ಬಂದಿತು. ಅಲ್ಲಿ ಚುಚ್ಚಲು ದಬ್ಬಳ ಬೆಣ್ಣೆಯಲ್ಲಿಳಿದಂತೆ ಇಳಿಯಿತು. ಕಡಲಿನ ಉಪ್ಪುನೀರಿಗಿಂತ ಒಳಗೆ ನಿಂತ ಮಳೆಯ ಸಿಹಿನೀರೇ ಮರವನ್ನು ಬೇಗ ಕೊಳೆಸುವುದೆಂದು ಅವನು ಹೇಳಿದನು. ಮೊಳೆಗಳ ಕೆಳಗೆ ಬಣ್ಣವನ್ನು ಸೀಳಿಕೊಂಡು ಇಳಿದ ಕೆಂಪು ಗೆರೆಗಳನ್ನು ತೋರಿಸಿ, ಕಬ್ಬಿಣ ತುಕ್ಕು ಹಿಡಿದಿದೆ ಎಂದನು. ಕಂಬದ ಬುಡ ಕೂರುವ ಕುಳಿಯನ್ನೂ, ಬಿಸಿಲಿಗೆ ಬಟ್ಟೆಗಿಂತ ಮೊದಲು ಸಾಯುವ ಹಾಯಿಯ ಹೊಲಿಗೆಯನ್ನೂ ಪರೀಕ್ಷಿಸಿದನು; ಅವು ಚೆನ್ನಾಗಿದ್ದವು.

ಧಾರಾನಗರದ ಭೋಜರಾಜನದೆಂದು ಹೇಳುವ ಯುಕ್ತಿಕಲ್ಪತರುವು ನೌಕೆಯ ಮರಗಳನ್ನು ಹಗುರ, ಭಾರ, ಮೃದು, ಗಡುಸು ಎಂಬ ಗುಣಗಳಿಂದ ನಾಲ್ಕು ವರ್ಗ ಮಾಡಿ, ಭಿನ್ನ ವರ್ಗಗಳನ್ನು ಬೆರೆಸಬಾರದೆನ್ನುತ್ತದೆ. ಕಡಲ ನೌಕೆಯ ತಳವನ್ನು ಕಬ್ಬಿಣದಿಂದ ಜೋಡಿಸಬಾರದು, ಅಯಸ್ಕಾಂತ ಶಿಲೆಗಳು ಸೆಳೆದಾವೆಂದೂ ಎಚ್ಚರಿಸುತ್ತದೆ. ಗ್ರಂಥವು ಅಯಸ್ಕಾಂತವೆಂದಿತು, ಬಡಗಿ ತುಕ್ಕೆಂದನು. ಕಬ್ಬಿಣವನ್ನು ನಂಬಬೇಡವೆಂಬಲ್ಲಿ ಇಬ್ಬರದೂ ಒಂದೇ ಮತ.

ಬಳಿಕ ಟ್ರೇಲರಿನ ಸರದಿ. ದೋಣಿಯ ಭಾರವೆಲ್ಲ ನಡುಮರದ ಮೇಲೆಯೇ ಕೂರಬೇಕು. ಪಕ್ಕದ ಆಸರೆಗಳು ಓಲಾಡದಂತೆ ಹಿಡಿದರೆ ಸಾಕು. ಭಾರ ಪಕ್ಕಕ್ಕೆ ಬಿದ್ದರೆ ಹಲಗೆ ಒಳಕ್ಕೆ ಒತ್ತಿಕೊಳ್ಳುತ್ತದೆ. ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ತಿಂಗಳುಗಟ್ಟಲೆ ನಿಂತ ದೋಣಿಯ ಹಲಗೆಗಳು ಒಣಗಿ ಕುಗ್ಗಿ, ಸಂದುಗಳು ಬಾಯಿಬಿಡುತ್ತವೆ. ಅಂಥದನ್ನು ದಡದ ಪಕ್ಕದಲ್ಲಿ ನೆನೆಯಿಟ್ಟು, ಮರ ಉಬ್ಬಿ ಸಂದು ಮುಚ್ಚಿದ ಮೇಲೆಯೇ ಜನರನ್ನು ಹತ್ತಿಸಬೇಕು.

ಮಾರುವವನು ಆತುರಪಡಿಸಿದನು. ನಾಳೆ ಬೇರೊಬ್ಬ ಗಿರಾಕಿ ಬರುವನಂತೆ, ಸುಗ್ಗಿಯೂ ಸಮೀಪಿಸಿತ್ತು. ಮಿತ್ರರ ಮನಸ್ಸು ಓಲಾಡುತ್ತಿರುವಾಗ ಅವರ ಗೃಹಿಣಿಯು, “ಇಂದೇ ನೀರಿಗಿಳಿಸಿದರೆ ಇದರಲ್ಲಿ ನಮ್ಮ ಮಗಳನ್ನು ಕೂರಿಸುವಿರಾ?” ಎಂದು ಬಡಗಿಯನ್ನು ಕೇಳಿದರು. ಅವನು ತಲೆಯಲ್ಲಾಡಿಸಿ, “ಇಲ್ಲ, ತಾಯಿ” ಎಂದನು. “ಹಾಗಾದರೆ ಆಳುಗಳ ಮಕ್ಕಳನ್ನೂ ಕೂರಿಸಲಾಗದು” ಎಂದು ಆಕೆ ಮಾತು ಮುಗಿಸಿದರು.

ವ್ಯಾಪಾರ ಅಲ್ಲಿಗೆ ತಿರುಗಿತು. ಕೊಳೆತ ಹಲಗೆಗಳನ್ನು ಬದಲಿಸುವ, ತಾಮ್ರದ ಮೊಳೆ ಹಾಕುವ ವೆಚ್ಚವನ್ನು ಬಡಗಿ ಲೆಕ್ಕಹಾಕಿದನು. ಕೇಳಿದ ಬೆಲೆಯಲ್ಲಿ ಮೂರನೆಯ ಒಂದು ಪಾಲು ಇಳಿದ ಮೇಲೆ ಹಣ ಕೈಬದಲಾಯಿತು. ಆ ಸುಗ್ಗಿಗೆ ಬಾಡಿಗೆಯ ಹರಗೋಲೇ ದುಡಿಯಿತು. ದೋಣಿ ರಿಪೇರಿಯಾಗಿ, ನೆನೆದು, ತೇಲುವ ಅಂಗಿಗಳು ತಲೆಗೊಂದರಂತೆ ಬಂದ ಮೇಲೆಯೇ ಹಾಯಿ ಏರಿತು.

ಗೃಹಸ್ಥರು ಹಳೆಯ ಬಂಡಿಯನ್ನು ಕೊಂಡರೆ, ಅದು ಕೆಟ್ಟಾಗ ದಾರಿಯ ಮೇಲೆ ನಿಲ್ಲುತ್ತದೆ. ದೋಣಿಗೆ ನಿಲ್ಲಲು ಅಂಥ ದಾರಿಯಿಲ್ಲ. ಆದ್ದರಿಂದ ಬೆಲೆಯನ್ನು ಕೇಳುವುದಕ್ಕೆ ಮೊದಲು ತಳವನ್ನು ನೋಡಿರಿ. ರಿಪೇರಿಯ ಖರ್ಚನ್ನೂ ಬೆಲೆಯೊಳಗೇ ಎಣಿಸಿರಿ. ಸ್ವಂತ ಮಕ್ಕಳನ್ನು ಕೂರಿಸಲಾರದ ದೋಣಿಯಲ್ಲಿ ಪರರ ಮಕ್ಕಳನ್ನು ಕೂರಿಸಬೇಡಿರಿ.