ಮಹಾಪಿರಮಿಡ್ಡಿನ ಮುಚ್ಚಿದ ಗಂಡಿಗಳು

ಕೈರೋ ಪಕ್ಕದ ಗೀಜಾದಲ್ಲಿರುವ ಖುಫು ದೊರೆಯ ಮಹಾಪಿರಮಿಡ್ಡಿಗೆ ಸುಮಾರು 4,500 ವರ್ಷ. ಪ್ರವಾಸಿಗರು ಬೆನ್ನು ಬಗ್ಗಿಸಿ, ಬೆವರು ಒರೆಸಿಕೊಳ್ಳುತ್ತ ಏರಿ 'ರಾಜನ ಕೋಣೆ' ತಲುಪುತ್ತಾರೆ. ಅದರ ಉತ್ತರ, ದಕ್ಷಿಣ ಗೋಡೆಗಳಲ್ಲಿ ಸುಮಾರು 20 ಸೆಂಟಿಮೀಟರ್ ಅಗಲದ ಒಂದೊಂದು ಗಂಡಿ. ಇವು ಕಲ್ಲಿನೊಳಗೆ ಓರೆಯಾಗಿ ಏರುತ್ತ ಹೊರಮೈ ತಲುಪುತ್ತವೆ. ಇವೇಕೆ?

ಗಾಳಿಗಾಗಿ ಎಂದರು ಹಲವರು. ಆದರೆ 1872ರಲ್ಲಿ ಎಂಜಿನಿಯರ್ ವೇನ್‌ಮನ್ ಡಿಕ್ಸನ್ ಕೆಳಗಿನ 'ರಾಣಿಯ ಕೋಣೆ'ಯಲ್ಲೂ ಅಂಥ ಎರಡು ಗಂಡಿ ಪತ್ತೆಹಚ್ಚಿದ. ಕೋಣೆಯ ಕಡೆ ಕೆಲವೇ ಅಂಗುಲ ಕಲ್ಲನ್ನು ಕೊರೆಯದೆ ಬಿಟ್ಟಿದ್ದರಿಂದ ಅವುಗಳ ಬಾಯಿ ಮುಚ್ಚಿತ್ತು. ಮುಚ್ಚಿದ ಕಿಟಕಿಯಿಂದ ಗಾಳಿ ಬಂದೀತೆ?

ಕೋಣೆಯ ಯೋಜನೆ ಬದಲಾದಾಗ ಗಂಡಿಗಳನ್ನೂ ಕೈಬಿಟ್ಟರು ಎಂಬುದು ಇನ್ನೊಂದು ವಾದ. 1993ರಲ್ಲಿ ಜರ್ಮನಿಯ ರುಡಾಲ್ಫ್ ಗ್ಯಾಂಟೆನ್‌ಬ್ರಿಂಕ್ ದಕ್ಷಿಣದ ಗಂಡಿಯೊಳಗೆ ಪುಟ್ಟ ರೋಬೋ ಹತ್ತಿಸಿದರು. ಅದು 60 ಮೀಟರಿಗೂ ಹೆಚ್ಚು ಏರಿ, ತಾಮ್ರದ ಎರಡು ಕಡ್ಡಿಗಳಿದ್ದ ಕಲ್ಲಿನೆದುರು ನಿಂತಿತು. ಆ ಜಾಗ ರಾಜನ ಕೋಣೆಯ ನೆಲಕ್ಕಿಂತ ಎತ್ತರದಲ್ಲಿದೆ! ಕೈಬಿಟ್ಟದ್ದನ್ನು ಅಷ್ಟೆತ್ತರ ಯಾರು ಕಟ್ಟುತ್ತಾರೆ? 2002ರಲ್ಲಿ ಆ ಕಲ್ಲಿಗೆ ರಂಧ್ರ ಕೊರೆದು ಇಣುಕಿದಾಗ ಕಂಡದ್ದು ಮತ್ತೊಂದು ಕಲ್ಲು.

ಮೂರನೆಯ ವಾದ 1964ರದು. ರಾಜನ ಕೋಣೆಯ ಗಂಡಿಗಳ ಓರೆಯನ್ನು ಲೆಕ್ಕಹಾಕಿದ ಅಲೆಕ್ಸಾಂಡರ್ ಬದಾವಿ, ವರ್ಜೀನಿಯಾ ಟ್ರಿಂಬಲ್ ಅವರು, ದಕ್ಷಿಣದ್ದು ಮಹಾವ್ಯಾಧನ ನಡುಪಟ್ಟಿಯತ್ತ, ಉತ್ತರದ್ದು ಅಂದಿನ ಧ್ರುವತಾರೆ ಥೂಬನ್‌ನತ್ತ ಮುಖಮಾಡಿವೆ ಎಂದರು. ದೊರೆಯ ಆತ್ಮ ತಾರೆಗಳನ್ನು ಸೇರುವ ಹಾದಿಯಂತೆ! ಆತ್ಮಕ್ಕೆ ಕಲ್ಲು ಅಡ್ಡಿಯಲ್ಲ ಎನ್ನಬಹುದು. ಆದರೆ ಅದನ್ನು ಯಾವ ರೋಬೋ ಪರೀಕ್ಷಿಸೀತು?

ವಿಜ್ಞಾನದ ನಡೆಯೇ ಹೀಗೆ. ಸರಿಯುತ್ತರ ಸಿಗುವ ಮೊದಲು, ತಪ್ಪುತ್ತರಗಳು ಒಂದೊಂದಾಗಿ ಬೀಳುತ್ತವೆ.